ಲ್ಯಾಬಿನ 32 ಮಕ್ಕಳಿಗೆ ಒಂದೇ ಚೈನ್ ಬೇಕು: ಸೆಪೋಲಿಯಾ ನೋಡ್ ಹಾಕಲೋ, ಲ್ಯಾಬಿನೊಳಗೇ ನಡೆಸಲೋ?

ಲ್ಯಾಬ್3_ಮೇಡಂ · ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ಸಲ ಆರನೇ ಸೆಮಿಸ್ಟರಿನ ಬ್ಲಾಕ್‌ಚೈನ್ ಲ್ಯಾಬ್ ನನ್ನ ತಲೆಗೆ ಬಂದಿದೆ. ನಾನು ಮೊದಲಿಂದಲೂ ನೆಟ್‌ವರ್ಕ್ಸ್ ಮತ್ತು ಡೇಟಾಬೇಸ್ ಹೇಳಿಕೊಡುವವಳು. ಸಾಲಿಡಿಟಿಯನ್ನು (ಎಥೀರಿಯಂ ಬ್ಲಾಕ್‌ಚೈನ್‌ಗೆ ಪ್ರೋಗ್ರಾಂ ಬರೆಯುವ ಭಾಷೆ) ರಜೆಯಲ್ಲಿ ಕೂತು ಕಲಿತೆ, ಅದು ಹೇಗೋ ಬಂತು. ನೋಡ್ (ಚೈನ್‌ನ ಪ್ರತಿ ಇಟ್ಟುಕೊಂಡು ನೆಟ್‌ವರ್ಕಿಗೆ ಸೇರುವ ಮೆಷಿನ್) ವಿಷಯದಲ್ಲಿ ಮಾತ್ರ ಮೂರು ವಾರದಿಂದ ತಲೆ ಕೆಟ್ಟುಹೋಗಿದೆ.

ಹಿಂದಿನವರು ಬಿಟ್ಟುಹೋದ ಮ್ಯಾನ್ಯುಯಲ್‌ನಲ್ಲಿ ‘ಗನಾಶ್ ತೆರೆಯಿರಿ, ಆಮೇಲೆ ರಾಪ್ಸ್ಟನ್‌ಗೆ ಹೋಗಿ’ ಎಂದಿದೆ. ರಾಪ್ಸ್ಟನ್ ಅನ್ನೋ ಟೆಸ್ಟ್‌ನೆಟ್ (ಅಭ್ಯಾಸಕ್ಕೆಂದೇ ಇರುವ ಎಥೀರಿಯಂ ನೆಟ್‌ವರ್ಕ್) 2022ರ ಕೊನೆಗೇ ಮುಚ್ಚಿತು. ಒಂದೇ ಮೆಷಿನ್‌ನಲ್ಲಿ ಚೈನ್ ನಡೆಸುವ ಗನಾಶ್‌ನ ಕೆಲಸ 2023ರ ಡಿಸೆಂಬರಿಗೆ ನಿಂತಿತು. ಮ್ಯಾನ್ಯುಯಲ್ ಮಾತ್ರ ಪ್ರತಿ ವರ್ಷ ಜೆರಾಕ್ಸ್ ಆಗುತ್ತಲೇ ಇದೆ.

ಸರಿ, ಸೆಪೋಲಿಯಾ ಎಂಬ ಟೆಸ್ಟ್‌ನೆಟ್ ಬಳಸೋಣ ಎಂದುಕೊಂಡೆ. ಒಂದು ದಿನ 32 ಮಕ್ಕಳನ್ನೂ ಕೂರಿಸಿ, ಪುಕ್ಕಟೆ ಟೆಸ್ಟ್ ಈಥರ್ (ವ್ಯವಹಾರದ ಶುಲ್ಕಕ್ಕೆ ಬೇಕಾದ ನಾಣ್ಯ) ಕೊಡುವ ಫಾಸೆಟ್ ಸೈಟ್ ತೆರೆಸಿದೆ. ಮೊದಲ ಬೆಂಚಿನ ಹುಡುಗಿಗೆ ಟೆಸ್ಟ್ ಈಥರ್ ಬಂತು. ಪಕ್ಕದವಳಿಗೆ ‘24 ಗಂಟೆ ಬಿಟ್ಟು ಬನ್ನಿ’. ಅವಳ ಪಕ್ಕದವನಿಗೂ ಅದೇ. ಕಾಲೇಜಿನ ಅಷ್ಟೂ ಕಂಪ್ಯೂಟರ್ ಒಂದೇ ಐಪಿ ವಿಳಾಸದಿಂದ ಹೊರಗೆ ಹೋಗುತ್ತವೆ. ಫಾಸೆಟ್ ಕಣ್ಣಿಗೆ ನಾವು 32 ಜನ ಅಲ್ಲ, ಒಬ್ಬ ಆಸೆಬುರುಕ. ನೆಟ್‌ವರ್ಕ್ಸ್ ಮೇಷ್ಟ್ರು ಇದನ್ನು ಮೊದಲೇ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಇನ್ನೊಂದು ಫಾಸೆಟ್ ‘ಮೇನ್‌ನೆಟ್‌ನಲ್ಲಿ ಅಂದರೆ ನಿಜ ದುಡ್ಡಿನ ಎಥೀರಿಯಂನಲ್ಲಿ, ನಿಮ್ಮ ಹತ್ತಿರ 0.001 ಈಥರ್ ಇದೆಯಾ ತೋರಿಸಿ’ ಎಂದಿತು. ಮಕ್ಕಳಿಗೆ ಹಾಗೆಲ್ಲ ದುಡ್ಡು ಕೊಟ್ಟು ಕೊಂಡುಕೊಳ್ಳಿ ಅನ್ನೋಕಾಗಲ್ಲ.

ಆಮೇಲೆ ನಮ್ಮದೇ ನೋಡ್ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನೋ ಹುಚ್ಚು ಹಿಡಿಯಿತು. ಆಫೀಸಿನಿಂದ ಒಂದು ಹಳೇ ಡೆಸ್ಕ್‌ಟಾಪ್ ಇಸಕೊಂಡೆ. ಐ5, 16 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ನೋಡ್ ನಡೆಸುವ ಗೆತ್ ಸಾಫ್ಟ್‌ವೇರ್ ಹಾಕಿ ಸೆಪೋಲಿಯಾ ಅಂತ ಓಡಿಸಿದೆ. ‘ಬೀಕನ್ ಕ್ಲೈಂಟ್ ಕಾಣುತ್ತಿಲ್ಲ, ಒಂದನ್ನು ಶುರು ಮಾಡಿ’ ಎಂಬ ಎಚ್ಚರಿಕೆ ಬರುತ್ತಿತ್ತು. ಸುಮ್ನೆ ಏನೋ ಹೇಳುತ್ತೆ ಬಿಡು ಎಂದು ಎರಡು ದಿನ ಹಾಗೇ ಬಿಟ್ಟೆ. ಬ್ಲಾಕ್ ನಂಬರ್ ಸೊನ್ನೆ. ಓದಿ ತಿಳಿದ ಮೇಲೆ ಲೈಟ್‌ಹೌಸ್ ಎಂಬ ಬೀಕನ್ ಕ್ಲೈಂಟ್ ಹಾಕಿದೆ, ಎರಡಕ್ಕೂ ಒಂದೇ ಜೆಡಬ್ಲ್ಯೂಟಿ (ಗುಟ್ಟಿನ ಕೀ) ಫೈಲ್ ಕೊಟ್ಟೆ. ಓಡಿತು! ಲಾಗ್ ಸರಸರ ಬರತೊಡಗಿತು. ಅಂದು ಮನೆಗೆ ಹೋಗಿ ಪಾಯಸ ಮಾಡಿದ್ದೇನೆ, ಸುಳ್ಳಲ್ಲ.

ಬೆಳಗ್ಗೆ ಬಂದರೆ ಮೆಷಿನ್ ಆಫ್. ನಮ್ಮ ಅಟೆಂಡರ್ ರಾತ್ರಿ ಬೀಗ ಹಾಕುವಾಗ ಲ್ಯಾಬಿನ ಮೇನ್ ಸ್ವಿಚ್ ಆರಿಸಿ ಹೋಗುತ್ತಾರೆ. ಹನ್ನೆರಡು ವರ್ಷದ ಅಭ್ಯಾಸ. ಅವರಿಗೆ ಹೇಳಿದೆ. ಆಮೇಲೆ ಒಂಬತ್ತು ದಿನ ನಿಲ್ಲದೆ ಓಡಿದೆ. ಈಗಲೂ ಲಾಗ್‌ನಲ್ಲಿ ‘ಸ್ಟೇಟ್ ಹೀಲಿಂಗ್ ನಡೆಯುತ್ತಿದೆ’ ಎಂದೇ ಬರುತ್ತಿದೆ. ಬ್ಲಾಕ್ ನಂಬರ್ ಕೇಳಿದರೆ ಇವತ್ತಿಗೂ ಸೊನ್ನೆ. ಪೀರ್‌ಗಳು (ಸಂಪರ್ಕಕ್ಕೆ ಸಿಕ್ಕ ಬೇರೆ ನೋಡ್‌ಗಳು) ಎರಡೋ ಮೂರೋ.

ಮುಂದಿನ ಸೋಮವಾರ ಲ್ಯಾಬ್ ಶುರು. ಮಕ್ಕಳು ಮಾಡಬೇಕಾದದ್ದು ಒಂದು ಮತದಾನದ ಕಾಂಟ್ರಾಕ್ಟ್, ಅಂದರೆ ಚೈನ್ ಮೇಲೆ ಓಡುವ ಪ್ರೋಗ್ರಾಂ. ಎಲ್ಲರೂ ಒಂದೇ ಚೈನ್‌ನಲ್ಲಿ ಇರಬೇಕು, ಒಬ್ಬರ ಕಾಂಟ್ರಾಕ್ಟ್‌ಗೆ ಇನ್ನೊಬ್ಬರು ಓಟು ಹಾಕಬೇಕು. ಒಬ್ಬೊಬ್ಬರ ಮೆಷಿನ್‌ನಲ್ಲಿ ಒಂದೊಂದು ಚೈನ್ ಇದ್ದರೆ ಅದು ಕ್ಯಾಲ್ಕುಲೇಟರ್ ಇದ್ದ ಹಾಗೆ, ಪಾಠವೇ ಹೋಯಿತು. ನನ್ನ ನೋಡ್ ಯಾಕೆ ಮುಗಿಯುತ್ತಿಲ್ಲ? ಇದನ್ನೇ ಹಿಡಿದು ಕೂರಲೋ, ಬೇರೆ ದಾರಿ ಇದೆಯೋ?

---

ಬೈಟ್_ಭಟ್ಟ · ಭಾನುವಾರ, ರಾತ್ರಿ 11:05

ಆನ್ವಿಲ್ ಹಾಕಿ ಮೇಡಂ, ಮುಗೀತು. ಸ್ವಂತ ಚೈನ್ ನಡೆಸುವ ಸಾಫ್ಟ್‌ವೇರ್ ಅದು, ಫೌಂಡ್ರಿ ಎಂಬ ಡೆವಲಪರ್ ಕಿಟ್ ಇನ್‌ಸ್ಟಾಲ್ ಮಾಡಿದರೆ ಜೊತೆಗೇ ಬರುತ್ತದೆ. ಅರ್ಧ ಸೆಕೆಂಡಿನಲ್ಲಿ ಚೈನ್ ರೆಡಿ, ಹತ್ತು ಖಾತೆ, ಒಂದೊಂದರಲ್ಲೂ 10,000 ಈಥರ್. ಮಾಮೂಲಾಗಿ ಅದು 127.0.0.1ರಲ್ಲಿ, ಅಂದರೆ ಅದೇ ಮೆಷಿನ್‌ನೊಳಗೆ ಮಾತ್ರ ಕೇಳಿಸಿಕೊಳ್ಳುತ್ತದೆ. ಹೋಸ್ಟ್ ಫ್ಲ್ಯಾಗ್‌ಗೆ 0.0.0.0 ಕೊಡಿ, ಆ ಮೆಷಿನ್‌ನ ಫೈರ್‌ವಾಲ್‌ನಲ್ಲಿ 8545 ಪೋರ್ಟ್ ತೆಗೆಯಿರಿ. 32 ಮೆಷಿನ್‌ಗೂ ಒಂದೇ ಚೈನ್ ಸಿಗುತ್ತದೆ. ಇಂಟರ್ನೆಟ್ಟೂ ಬೇಡ, ಫಾಸೆಟ್ಟೂ ಬೇಡ.

ಆ ಹಾರ್ಡ್ ಡಿಸ್ಕ್ ಆಫೀಸಿಗೇ ವಾಪಸ್ ಕೊಡಿ, ಪಾಪ.

---

ಸಕಲೇಶಪುರ_ನೋಡ್ · ಸೋಮವಾರ, ಬೆಳಗ್ಗೆ 6:20

ಮೇಡಂ, ಭಟ್ಟರು ಹೇಳಿದ್ದು ಸರಿ. ಆದರೆ ನಿಮ್ಮ ‘ಯಾಕೆ’ಗೆ ಅವರು ಉತ್ತರ ಕೊಡಲಿಲ್ಲ. ನಾನು ಎರಡು ವರ್ಷ ಮನೆಯಲ್ಲಿ ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡವನು, ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ತಪ್ಪು ಏನೂ ಇಲ್ಲ. ತಪ್ಪು ಡಿಸ್ಕ್‌ನದು. ಸ್ಟೇಟ್ ಅಂದರೆ ಎಲ್ಲ ಖಾತೆಗಳ ಬ್ಯಾಲೆನ್ಸ್, ಎಲ್ಲ ಕಾಂಟ್ರಾಕ್ಟ್‌ಗಳ ಒಳಗಿನ ಡೇಟಾ ಸೇರಿದ ಒಂದು ದೊಡ್ಡ ಮರ. ಸ್ನ್ಯಾಪ್ ಸಿಂಕ್ (ಚೈನ್‌ನ ಪ್ರತಿ ತರಿಸಿಕೊಳ್ಳುವ ಗೆತ್‌ನ ವಿಧಾನ) ಆ ಮರದ ಎಲೆಗಳನ್ನು ಮೊದಲು ರಾಶಿ ರಾಶಿ ತಂದು ಹಾಕುತ್ತದೆ. ಇದು ಬೇಗ ಆಗುತ್ತದೆ, ನೀವು ಪಾಯಸ ಮಾಡಿದ್ದು ಈ ಹೊತ್ತಿನಲ್ಲಿ. ಆದರೆ ನೀವು ತರುತ್ತಿರುವಾಗಲೇ ಮರ ಬದಲಾಗುತ್ತಿರುತ್ತದೆ. 12 ಸೆಕೆಂಡಿಗೊಂದು ಸ್ಲಾಟ್ (ಬ್ಲಾಕಿನ ಸರದಿ), ಪ್ರತಿ ಬ್ಲಾಕಿನಲ್ಲೂ ಒಂದಷ್ಟು ಎಲೆ ಬೇರೆಯಾಗುತ್ತವೆ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಸರಿ ಮಾಡುವುದೇ ಹೀಲಿಂಗ್. ಅದಕ್ಕೆ ಡಿಸ್ಕ್‌ನ ಮೂಲೆ ಮೂಲೆಯಿಂದ ಚೂರು ಚೂರು ಓದಬೇಕು. ತಿರುಗುವ ಹಾರ್ಡ್ ಡಿಸ್ಕ್ ಇಂಥ ಓದನ್ನು ಸೆಕೆಂಡಿಗೆ ನೂರೋ ಇನ್ನೂರೋ ಸಲ ಮಾಡಬಹುದು, ಅಷ್ಟೇ. ಅದು ಸರಿ ಮಾಡುವುದಕ್ಕಿಂತ ಜಾಸ್ತಿ ಚೈನ್ ಬದಲಾಗುತ್ತಿದೆ. ತೂತು ಕೊಡಕ್ಕೆ ನೀರು ಸೇದಿದ ಹಾಗೆ. ಒಂಬತ್ತು ದಿನ ಅಲ್ಲ, ತೊಂಬತ್ತು ದಿನ ಬಿಟ್ಟರೂ ಮುಗಿಯದು. ಸಿಂಕ್ ಮುಗಿಯುವ ತನಕ ಗೆತ್ ಬ್ಲಾಕ್ ನಂಬರ್ ಸೊನ್ನೆ ಎಂದೇ ಹೇಳುತ್ತದೆ, ಅದಕ್ಕೆ ಹೆದರಬೇಡಿ.

ಎನ್‌ವಿಎಂಇ (ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿ) ಬೇಕು. ಸೆಪೋಲಿಯಾಗೆ 1 ಟಿಬಿಗಿಂತ ಕಡಿಮೆ ತಗೋಬೇಡಿ. ತೀರಾ ಅಗ್ಗದ, ಡಿರ್‍ಯಾಮ್ ಇಲ್ಲದ ಮಾದರಿ ಬೇಡ, ಅದೂ ಹೀಲಿಂಗ್‌ನಲ್ಲಿ ಏದುಸಿರು ಬಿಡುತ್ತದೆ. 16 ಜಿಬಿ ರ್‍ಯಾಮ್ ಸಾಕು.

ಪೀರ್ ಎರಡು ಮೂರು ಇರುವುದಕ್ಕೆ ಬಹುಶಃ ನಿಮ್ಮ ಕಾಲೇಜಿನ ಫೈರ್‌ವಾಲ್ ಕಾರಣ. ನೋಡ್‌ಗಳು ಒಬ್ಬರನ್ನೊಬ್ಬರು ಹುಡುಕುವುದು ಯುಡಿಪಿಯಲ್ಲಿ. ಕಾಲೇಜುಗಳಲ್ಲಿ ಯುಡಿಪಿ ಹೆಚ್ಚಾಗಿ ಬಂದ್. ಸಿಸ್ಟಂ ಅಡ್ಮಿನ್ ಹತ್ತಿರ ಗೆತ್‌ಗೆ 30303, ಲೈಟ್‌ಹೌಸ್‌ಗೆ 9000, ಎರಡನ್ನೂ ಟಿಸಿಪಿ ಮತ್ತು ಯುಡಿಪಿ ಎರಡರಲ್ಲೂ ಬಿಡಿಸಿ. ಟೈಮ್ ಸಿಂಕ್‌ಗೆ ಬೇಕಾದ ಯುಡಿಪಿ 123 ಕೂಡ ಕೇಳಿ, ಗಡಿಯಾರ ತಪ್ಪಿದರೆ ಬೀಕನ್ ಕಡೆಯದು ಕಕ್ಕಾಬಿಕ್ಕಿಯಾಗುತ್ತದೆ. 8545 ಮತ್ತು 8551 ಯಾವ ಕಾರಣಕ್ಕೂ ಹೊರಗೆ ತೆಗೆಯಬೇಡಿ. 8551 ಆ ಎರಡು ಕ್ಲೈಂಟ್ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಬಾಗಿಲು, ಜೆಡಬ್ಲ್ಯೂಟಿ ಫೈಲ್ ಅದರ ಬೀಗದ ಕೈ.

ಎರಡು ಯಾಕೆ ಬೇಕು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಎಥೀರಿಯಂ ಮೈನಿಂಗ್ ಬಿಟ್ಟ 2022ರ ಸೆಪ್ಟೆಂಬರ್ 15ರ ಮರ್ಜ್ ತನಕ ಗೆತ್ ಒಂದೇ ಸಾಕಿತ್ತು. ಈಗ ವ್ಯವಹಾರ ನಡೆಸಿ ಲೆಕ್ಕ ಇಡುವುದು ಗೆತ್. ಯಾವ ಬ್ಲಾಕ್ ಊರೊಪ್ಪಿತ ಎಂದು ಹೇಳುವುದು ಲೈಟ್‌ಹೌಸ್. ಲೈಟ್‌ಹೌಸ್ ಹೇಳದೆ ಗೆತ್ ಒಂದು ಹೆಜ್ಜೆ ಇಡುವುದಿಲ್ಲ. ಹಾಗಾಗಿ ಮೊದಲೆರಡು ದಿನ ನಿಮ್ಮದು ಸುಮ್ಮನೆ ನಿಂತಿತ್ತು. ಹಳೇ ವಿಡಿಯೊಗಳಲ್ಲಿ ಜೆನೆಸಿಸ್ ಫೈಲ್ ಬರೆದು ‘ಮೈನರ್ ಸ್ಟಾರ್ಟ್’ ಅನ್ನುತ್ತಾರಲ್ಲ, ಅದು ಇವತ್ತಿನ ಗೆತ್‌ನಲ್ಲಿ ಇಲ್ಲ. ಅದರ ಹಿಂದೆ ಹೋಗಿ ಇನ್ನೊಂದು ವಾರ ಕಳೆಯಬೇಡಿ. ಲೈಟ್‌ಹೌಸ್‌ಗೆ ಚೆಕ್‌ಪಾಯಿಂಟ್ ಸಿಂಕ್ (ಮೊದಲಿಂದ ಅಲ್ಲದೆ ಇತ್ತೀಚಿನ ಒಪ್ಪಿತ ಬ್ಲಾಕಿನಿಂದ ಶುರು ಮಾಡುವುದು) ವಿಳಾಸ ಕೊಟ್ಟಿದ್ದೀರಿ ತಾನೇ? ಕೊಟ್ಟರೆ ಆ ಕಡೆ ಕೆಲವೇ ನಿಮಿಷದ ಕೆಲಸ.

ಇಷ್ಟೆಲ್ಲ ಹೇಳಿಯೂ, ಲ್ಯಾಬನ್ನು ಇದರ ಮೇಲೆ ನಿಲ್ಲಿಸಬೇಡಿ ಅನ್ನುತ್ತೇನೆ. ಹಂಚಿಕೊಂಡ ಟೆಸ್ಟ್‌ನೆಟ್ ನಮ್ಮ ಕೈಯಲ್ಲಿರುವ ವಸ್ತು ಅಲ್ಲ. ನನ್ನ ಕಥೆ ಕೇಳಿ. ಕಾಫಿ ಒಣಗಿಸುವ ಕಣದ ಪಕ್ಕದ ರೂಮಿನಲ್ಲಿ ಒಂದು ಮಿನಿ ಪಿಸಿ, 2 ಟಿಬಿ ಎನ್‌ವಿಎಂಇ, ಮನೆ ಇನ್ವರ್ಟರ್. ಹೋಲೆಸ್ಕಿ ಟೆಸ್ಟ್‌ನೆಟ್‌ನಲ್ಲಿ ವ್ಯಾಲಿಡೇಟರ್ (ಈಥರ್ ಠೇವಣಿ ಇಟ್ಟು ಬ್ಲಾಕ್‌ಗಳಿಗೆ ಒಪ್ಪಿಗೆ ಹಾಕುವ ನೋಡ್) ನಡೆಸುತ್ತಿದ್ದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಾಗಲೂ ಹೇಗೋ ನಿಭಾಯಿಸಿದ್ದೆ. 2025ರ ಫೆಬ್ರವರಿ 24ರಂದು ಅಲ್ಲಿ ಪೆಕ್ಟ್ರಾ ಅಪ್‌ಗ್ರೇಡ್ ಬಂತು. ಗೆತ್‌ನಂಥ ಹಲವು ಎಕ್ಸಿಕ್ಯೂಷನ್ ಕ್ಲೈಂಟ್‌ಗಳ ಸೆಟ್ಟಿಂಗ್‌ನಲ್ಲಿ ಹೋಲೆಸ್ಕಿಯ ಡೆಪಾಸಿಟ್ ಕಾಂಟ್ರಾಕ್ಟ್‌ನ ವಿಳಾಸ ತಪ್ಪಿತ್ತು. ಅಷ್ಟೇ ಕಾರಣ. ತಪ್ಪು ಬ್ಲಾಕನ್ನು ಹೆಚ್ಚಿನವರು ಸರಿ ಎಂದು ಒಪ್ಪಿಬಿಟ್ಟರು, ಚೈನ್ ಒಡೆಯಿತು. ಫೈನಾಲಿಟಿ (ಬ್ಲಾಕ್ ಇನ್ನು ಬದಲಾಗದು ಎಂಬ ಖಾತ್ರಿ) ವಾಪಸ್ ಬಂದದ್ದು ಮಾರ್ಚ್ 10ಕ್ಕೆ. ಎರಡು ವಾರ! ಮಾಮೂಲಿ ಅದಕ್ಕೆ ಬೇಕಿರುವುದು ಹದಿಮೂರು ನಿಮಿಷ. ಆ ಎರಡು ವಾರದಲ್ಲಿ ನಿಮ್ಮ ಇಂಟರ್ನಲ್ಸ್ ಇದ್ದಿದ್ದರೆ?

ಅಲ್ಲಿ ಹೊರಬರಲು ಕಾದಿದ್ದ ವ್ಯಾಲಿಡೇಟರ್‌ಗಳ ಸಾಲು ಎಷ್ಟು ಉದ್ದ ಆಯಿತೆಂದರೆ ಹೊಸ ನೆಟ್‌ವರ್ಕನ್ನೇ ಹುಟ್ಟಿಸಬೇಕಾಯಿತು. ಅದರ ಹೆಸರು ಗೊತ್ತಾ? ಹೂಡಿ. ಹೌದು, ನಮ್ಮ ಬೆಂಗಳೂರಿನ ಹೂಡಿ, ಮೆಟ್ರೊ ನೇರಳೆ ಮಾರ್ಗದ ಸ್ಟೇಷನ್. ಎಥೀರಿಯಂನವರು ಟೆಸ್ಟ್‌ನೆಟ್‌ಗಳಿಗೆ ರೈಲು ನಿಲ್ದಾಣದ ಹೆಸರಿಡುವುದು ಹಳೇ ಪದ್ಧತಿ. ನಿಮ್ಮ ಮ್ಯಾನ್ಯುಯಲ್‌ನ ರಾಪ್ಸ್ಟನ್ ಸ್ಟಾಕ್‌ಹೋಮ್‌ನದು, ಸೆಪೋಲಿಯಾ ಅಥೆನ್ಸ್‌ನದು, ಕೋವನ್ ಸಿಂಗಪುರದ್ದು. ಹೂಡಿ 2025ರ ಮಾರ್ಚ್ 17ಕ್ಕೆ ಶುರುವಾಯಿತು. ಚೈನ್ ಐಡಿ (ನೆಟ್‌ವರ್ಕಿನ ಗುರುತಿನ ನಂಬರ್) 560048. ನೋಡಿದ ತಕ್ಷಣ ಗೊತ್ತಾಗಬೇಕು, ಅದು ಹೂಡಿಯ ಪಿನ್ ಕೋಡ್. ಯಾರು ಬೇಕಾದರೂ ವ್ಯಾಲಿಡೇಟರ್ ಇಡಬಹುದಾದ ನೆಟ್‌ವರ್ಕಿಗೆ ‘ಹೂಡಿ’ ಅಂತ ಹೆಸರು! ಇಟ್ಟವರಿಗೆ ಕನ್ನಡದ ಅರ್ಥ ಗೊತ್ತಿತ್ತೋ ಇಲ್ಲವೋ. ನಾನಂತೂ ಒಬ್ಬನೇ ಕೂತು ನಕ್ಕೆ.

ನಿಮಗೆ ಬೇಕಿರುವುದು ಹೂಡಿ ಅಲ್ಲ, ಸೆಪೋಲಿಯಾನೇ. ಕಾಂಟ್ರಾಕ್ಟ್ ಬರೆಯುವವರ ಊರು ಅದು. ಅಲ್ಲಿನ ವ್ಯಾಲಿಡೇಟರ್‌ಗಳು ಅನುಮತಿ ಪಡೆದ ಕೆಲವರೇ. ಆದರೆ ಅಲ್ಲಿಗೆ ಕೊನೆಯ ವಾರ ಹೋಗಿ. ಏಳು ವಾರ ಲ್ಯಾಬಿನೊಳಗೆ ಆನ್ವಿಲ್, ಎಂಟನೇ ವಾರ ಸೆಪೋಲಿಯಾ. ಫಾಸೆಟ್ ಕಷ್ಟ ಬಿಡಿ, ನಿಮ್ಮ ಒಂದು ವಿಳಾಸ ಮೆಸೇಜ್ ಮಾಡಿ, ನಾನು 2 ಸೆಪೋಲಿಯಾ ಈಥರ್ ಕಳಿಸುತ್ತೇನೆ. ಮಕ್ಕಳಿಗೆ 0.05ರಂತೆ ಹಂಚಿದರೂ ಮಿಗುತ್ತದೆ. ದುಡ್ಡಲ್ಲ ಅದು, ಸಂಕೋಚ ಬೇಡ.

---

ಗ್ಯಾಸ್_ಗಂಗಾ · ಸೋಮವಾರ, ಮಧ್ಯಾಹ್ನ 1:15

ಮೇಲಿನವರು ಆನ್ವಿಲ್ ಅಂದುಬಿಟ್ಟರು, ಒಂದು ಮಾತು ಹೇಳದೆ ಹೋದರು. ಆನ್ವಿಲ್ ಮಾಮೂಲಾಗಿ ವ್ಯವಹಾರ ಬಂದ ತಕ್ಷಣ ಬ್ಲಾಕ್ ಮಾಡುತ್ತದೆ. ಬಟನ್ ಒತ್ತಿದರೆ ಆಯಿತು. ಇದಕ್ಕೆ ಒಗ್ಗಿದ ಮಕ್ಕಳು ಇಂಟರ್ವ್ಯೂಗೆ ಬಂದಾಗ ನೋಡುತ್ತಿರುತ್ತೇನೆ. ‘ವ್ಯವಹಾರ ಕಳಿಸಿದೆ’ ಮತ್ತು ‘ವ್ಯವಹಾರ ಸೇರಿತು’ ಎರಡೂ ಒಂದೇ ಎಂದುಕೊಂಡಿರುತ್ತಾರೆ. ಬ್ಲಾಕ್ ಟೈಮ್ ಫ್ಲ್ಯಾಗ್‌ಗೆ 12 ಕೊಡಿ. ಕಾಯುವುದನ್ನು ಮೊದಲ ದಿನವೇ ಕಲಿಯಲಿ.

ಇನ್ನೊಂದು. ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಚೈನ್ ಸೊನ್ನೆಯಿಂದ ಶುರು, ಆದರೆ ಮೆಟಾಮಾಸ್ಕ್‌ಗೆ (ಬ್ರೌಸರಿನ ವ್ಯಾಲೆಟ್) ಹಳೇ ನಾನ್ಸ್, ಅಂದರೆ ಖಾತೆಯ ವ್ಯವಹಾರದ ಕ್ರಮಸಂಖ್ಯೆ, ನೆನಪಿರುತ್ತದೆ. ಅದು 7ನೇ ವ್ಯವಹಾರ ಎಂದು ಕಳಿಸುತ್ತದೆ, ಚೈನ್ 0ಗೆ ಕಾಯುತ್ತಿರುತ್ತದೆ. ಎಲ್ಲ ನೇತಾಡುತ್ತವೆ. ಮೆಟಾಮಾಸ್ಕ್ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವಿಟಿ ಡೇಟಾ ಅಳಿಸಿದರೆ ಸರಿ. 32 ಜನ ಒಟ್ಟಿಗೆ ‘ಮೇಡಂ ಆಗ್ತಿಲ್ಲ’ ಎಂದಾಗ ಇದು ನೆನಪಿರಲಿ.

---

ಲ್ಯಾಬ್3_ಮೇಡಂ · ಮುಂದಿನ ಮಂಗಳವಾರ, ರಾತ್ರಿ 9:30

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮೊದಲ ಲ್ಯಾಬ್ ಆಯಿತು. ನೀವು ಹೇಳಿದ ಹಾಗೇ ಆನ್ವಿಲ್, 0.0.0.0, 12 ಸೆಕೆಂಡ್. ಮೊದಲ ಅರ್ಧ ಗಂಟೆ ಸ್ವರ್ಗ. ಆಮೇಲೆ ಆದದ್ದನ್ನು ಕ್ರಮವಾಗಿ ಹೇಳುತ್ತೇನೆ, ನಗಬೇಡಿ.

ಮೊದಲನೆಯದು. ಇದ್ದದ್ದು ಹತ್ತು ಖಾತೆ, ಜನ 32. ‘ಯಾವುದಾದರೂ ಒಂದು ತಗೊಳ್ಳಿ’ ಎಂದೆ. ಯಾರು ತಾನೇ ಪಟ್ಟಿಯ ಕೆಳಗಿನದು ತಗೊಳ್ಳುತ್ತಾರೆ? ಅರ್ಧ ಕ್ಲಾಸು ಮೊದಲ ಖಾತೆಯಲ್ಲೇ ಕೂತಿತ್ತು. ಹದಿನೈದು ಜನ ಒಂದೇ ಖಾತೆಯಿಂದ ಒಂದೇ ನಾನ್ಸ್‌ನಲ್ಲಿ ವ್ಯವಹಾರ ಕಳಿಸಿದರು. ಒಬ್ಬರದು ಹೋಯಿತು, ಉಳಿದವರಿಗೆಲ್ಲ ಕೆಂಪು ಅಕ್ಷರ. ‘ಬದಲಿ ವ್ಯವಹಾರಕ್ಕೆ ಗ್ಯಾಸ್ ಸಾಲದು’ ಎಂಬ ಸಂದೇಶ ನೋಡಿ ಒಬ್ಬ ಹುಡುಗ ಗ್ಯಾಸ್ (ವ್ಯವಹಾರದ ಶುಲ್ಕ) ಏರಿಸಿದ. ಅವನ ಪಕ್ಕದವಳು ಇನ್ನೂ ಏರಿಸಿದಳು. ಹತ್ತು ನಿಮಿಷ ಹರಾಜು ನಡೆಯಿತು. ನಿಜ ಹೇಳಬೇಕೆಂದರೆ ನಾನು ಪಾಠ ಮಾಡಿ ಹೇಳಬೇಕಾದದ್ದನ್ನು ಅವರೇ ಜಗಳವಾಡಿ ಕಲಿತರು, ಹಾಗಾಗಿ ಸುಮ್ಮನೆ ನೋಡುತ್ತಿದ್ದೆ.

ಎರಡನೆಯದು ದೊಡ್ಡದು. ಮತದಾನದ ಕಾಂಟ್ರಾಕ್ಟ್‌ಗೆ ಏಳು ದಿನದ ಗಡುವು ಇಟ್ಟಿದ್ದೆ, ಮುಂದಿನ ಸೋಮವಾರದ ತನಕ ಓಟು ಹಾಕಬಹುದು ಎಂದು. 3:20ರ ಹೊತ್ತಿಗೆ ಇದ್ದಕ್ಕಿದ್ದಂತೆ ಎಲ್ಲರ ಓಟೂ ತಿರಸ್ಕಾರ. ‘ಮತದಾನ ಮುಗಿದಿದೆ.’ ನನ್ನ ಕೋಡ್ ತಪ್ಪೇನೋ ಎಂದು ಇಪ್ಪತ್ತು ನಿಮಿಷ ಹುಡುಕಿದೆ. ಸಾಲು ಸಾಲು ಓದಿದೆ. ಕೊನೆಗೆ ಬ್ಲಾಕಿನ ಟೈಮ್‌ಸ್ಟ್ಯಾಂಪ್ ನೋಡಿದರೆ ಚೈನ್ ಎಂಟು ದಿನ ಮುಂದೆ ಹೋಗಿ ಕೂತಿದೆ! ಹಿಂದಿನ ಬೆಂಚಿನವನೊಬ್ಬ ಫೌಂಡ್ರಿ ಡಾಕ್ಯುಮೆಂಟ್ ಓದಿ, ಕಾಲ ಮುಂದೂಡುವ ಕರೆ ಇದೆಯೆಂದು ಕಂಡುಕೊಂಡು, ಅವನ ಅಭ್ಯರ್ಥಿ ಎರಡು ಓಟಿನಿಂದ ಮುಂದಿದ್ದಾಗ ಚುನಾವಣೆಯನ್ನೇ ಮುಗಿಸಿದ್ದ. ಕೇಳಿದರೆ ‘ಮೇಡಂ, ರೂಲ್ಸ್ ಪ್ರಕಾರ ಗೆದ್ದಿದ್ದೇವೆ ಅಲ್ವಾ?’

ಅವನ ಬ್ಯಾಲೆನ್ಸ್ ನೋಡಿದೆ. ಅದನ್ನೂ ಏರಿಸಿಕೊಂಡಿದ್ದ. ಎಷ್ಟು ಸೊನ್ನೆ ಎಂದು ಎಣಿಸಲು ಹೋಗಲಿಲ್ಲ.

ಬೈಯಲು ಮನಸ್ಸು ಬರಲಿಲ್ಲ, ಇಡೀ ಕ್ಲಾಸಿನಲ್ಲಿ ಡಾಕ್ಯುಮೆಂಟ್ ಓದಿದವನು ಅವನೊಬ್ಬನೇ. ಆದರೆ ಮುಂದಿನ ವಾರಕ್ಕೆ ಇದನ್ನು ಬಂದ್ ಮಾಡುವುದು ಹೇಗೆ?

ಮೂರನೆಯದು ನಿಮಗೇ ಗೊತ್ತು. 4 ಗಂಟೆಗೆ ಕರೆಂಟ್ ಹೋಯಿತು. ಚೈನೂ ಹೋಯಿತು.

---

ಸಕಲೇಶಪುರ_ನೋಡ್ · ಮಂಗಳವಾರ, ರಾತ್ರಿ 10:15

ಆ ಹುಡುಗನನ್ನು ಬಿಡಬೇಡಿ ಮೇಡಂ, ಒಳ್ಳೇ ಕೆಲಸಕ್ಕೆ ಬರುತ್ತಾನೆ.

ಆನ್ವಿಲ್ ಒಬ್ಬರ ಮೇಜಿನ ಮೇಲಿನ ಆಟಿಕೆ. ಒಬ್ಬರೇ ಆಡುವಾಗ ಕಾಲ ಓಡಿಸುವುದು, ಬ್ಯಾಲೆನ್ಸ್ ತುಂಬುವುದು, ಚೈನ್ ಹಿಂದಕ್ಕೆ ತಿರುಗಿಸುವುದು ಎಲ್ಲ ಬೇಕು. ಅದಕ್ಕೇ ಇಟ್ಟಿದ್ದಾರೆ. 32 ಜನರ ಮುಂದೆ ತೆರೆದಿಟ್ಟರೆ ಹೀಗಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಒಂದಿದೆ, ನಿಮ್ಮ ಹುಡುಗ ಇನ್ನೂ ಅಲ್ಲಿಗೆ ತಲುಪಿಲ್ಲ ಅಷ್ಟೇ. ಆನ್ವಿಲ್ ತಾನೇ ಹುಟ್ಟಿಸಿದ ಖಾತೆಗಳು ಬೀಗ ಹಾಕದೆ ಇರುತ್ತವೆ. ‘ಈಥ್ ಸೆಂಡ್ ಟ್ರಾನ್ಸಾಕ್ಷನ್’ ಕರೆದು, ಯಾವ ಖಾತೆಯಿಂದ ಎಂದು ಹೇಳಿದರೆ ಸಾಕು, ಖಾಸಗಿ ಕೀ ಕೇಳದೆ ಅದೇ ಸಹಿ ಹಾಕಿ ಕಳಿಸುತ್ತದೆ. ಅಂದರೆ ಯಾರು ಬೇಕಾದರೂ ಯಾರ ಓಟನ್ನಾದರೂ ಹಾಕಬಹುದು.

ಮಧ್ಯೆ ಒಂದು ಬಾಗಿಲು ಕಾಯುವವನನ್ನು ಇಡಿ. ಆನ್ವಿಲ್ ಮತ್ತೆ 127.0.0.1ರಲ್ಲೇ ಇರಲಿ. ಅದೇ ಮೆಷಿನ್‌ನಲ್ಲಿ ಪೈಥಾನ್‌ನ ಒಂದು ಸಣ್ಣ ಪ್ರಾಕ್ಸಿ, ಮೂವತ್ತು ಸಾಲು ಸಾಕು, ಬೇರೆ ಪೋರ್ಟಿನಲ್ಲಿ ಲ್ಯಾಬಿಗೆ ತೆರೆದಿರಲಿ. ಬಂದ ಕರೆಯ ಹೆಸರು ‘ಈಥ್’ ಎಂದು ಶುರುವಾದರೆ ಒಳಗೆ ಬಿಡಿ, ‘ಆನ್ವಿಲ್’, ‘ಹಾರ್ಡ್‌ಹ್ಯಾಟ್’, ‘ಇವಿಎಂ’ ಎಂದು ಶುರುವಾದರೆ ವಾಪಸ್ ಕಳಿಸಿ. ಈಥ್‌ನಲ್ಲೂ ಸೆಂಡ್ ಟ್ರಾನ್ಸಾಕ್ಷನ್ ಮತ್ತು ಸಹಿ ಹಾಕಿಸುವ ಕರೆಗಳು ಬೇಡ. ಮೆಟಾಮಾಸ್ಕ್ ತಾನೇ ಸಹಿ ಹಾಕಿ ‘ಸೆಂಡ್ ರಾ ಟ್ರಾನ್ಸಾಕ್ಷನ್’ ಕಳಿಸುತ್ತದೆ, ಅದಕ್ಕೆ ತೊಂದರೆ ಇಲ್ಲ. ನೆಟ್ ವರ್ಷನ್ ಒಂದನ್ನೂ ಬಿಡಿ. ಜೇಸನ್ ಆರ್‌ಪಿಸಿಯಲ್ಲಿ (ಈ ಕರೆಗಳು ಹೋಗುವ ರೀತಿ) ಹಲವು ಕರೆಗಳನ್ನು ಒಂದೇ ಪಟ್ಟಿಯಾಗಿ ಕಳಿಸಬಹುದು. ಪಟ್ಟಿ ಬಂದರೆ ಒಳಗಿನ ಒಂದೊಂದನ್ನೂ ನೋಡಿ. ಇದನ್ನು ಮರೆತರೆ ಹಿಂದಿನ ಬೆಂಚಿನವನು ಅದರಲ್ಲೇ ನುಸುಳುತ್ತಾನೆ. ಅಥವಾ ಪ್ರಾಕ್ಸಿ ಬರೆಯುವುದನ್ನೇ ಅವನಿಗೆ ಕೊಡಿ.

ಖಾತೆ: ಅಕೌಂಟ್ಸ್ ಫ್ಲ್ಯಾಗ್‌ಗೆ 40 ಕೊಡಿ, ರೋಲ್ ನಂಬರ್ ಪ್ರಕಾರ ಹಂಚಿ. ನಿಮ್ಮದೇ ಹೊಸ ನೆಮೋನಿಕ್ (ಎಲ್ಲ ಕೀಗಳೂ ಹುಟ್ಟುವ ಪದಗಳ ಸಾಲು) ಹಾಕಿ. ಮಾಮೂಲಿ ನೆಮೋನಿಕ್ ಅಂದರೆ ಹನ್ನೊಂದು ಸಲ ‘ಟೆಸ್ಟ್’, ಕೊನೆಗೊಂದು ‘ಜಂಕ್’. ಜಗತ್ತಿನ ಪ್ರತಿಯೊಬ್ಬ ಡೆವಲಪರ್ ಹತ್ತಿರ ಆ ಕೀಗಳಿವೆ. ಮಕ್ಕಳ ಮೆಟಾಮಾಸ್ಕ್‌ನಲ್ಲಿ ಆ ಖಾತೆ ಉಳಿದುಬಿಟ್ಟು, ಮುಂದೆ ಯಾವತ್ತೋ ನಿಜವಾದ ಈಥರ್ ಅದಕ್ಕೆ ತರಿಸಿಕೊಂಡರೆ ಬಾಟ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಗುಡಿಸಿಕೊಂಡು ಹೋಗುತ್ತವೆ. ಲ್ಯಾಬಿಗೆ ಬೇರೆ ಬ್ರೌಸರ್ ಪ್ರೊಫೈಲ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಕರೆಂಟಿಗೆ: ಸ್ಟೇಟ್ ಫ್ಲ್ಯಾಗ್‌ಗೆ ಒಂದು ಫೈಲ್ ಹೆಸರು ಕೊಟ್ಟರೆ ಮುಚ್ಚುವಾಗ ಚೈನ್ ಉಳಿಸುತ್ತದೆ, ತೆರೆಯುವಾಗ ಓದಿಕೊಳ್ಳುತ್ತದೆ. ಆದರೆ ಕರೆಂಟ್ ಹೇಳಿ ಹೋಗುವುದಿಲ್ಲವಲ್ಲ. ಸ್ಟೇಟ್ ಇಂಟರ್ವಲ್ ಎಂಬುದೂ ಇದೆ, ಅದಕ್ಕೆ 30 ಕೊಟ್ಟರೆ ಅರ್ಧ ನಿಮಿಷಕ್ಕೊಮ್ಮೆ ಬರೆದಿಡುತ್ತದೆ.

---

ಗ್ಯಾಸ್_ಗಂಗಾ · ಬುಧವಾರ, ಬೆಳಗ್ಗೆ 9:50

ಚೈನ್ ಐಡಿಯನ್ನೂ ಬದಲಾಯಿಸಿ. ಆನ್ವಿಲ್‌ನ 31337 ಎಲ್ಲರ ಲ್ಯಾಪ್‌ಟಾಪಿನಲ್ಲೂ ಇರುತ್ತದೆ, ಮನೆಯದಕ್ಕೂ ಲ್ಯಾಬಿನದಕ್ಕೂ ಮೆಟಾಮಾಸ್ಕ್‌ನಲ್ಲಿ ಗೊಂದಲ. ಯಾವ ನಂಬರ್ ಬೇಕಾದರೂ ಇಡಿ, 1 ಮಾತ್ರ ಬೇಡ. 1 ಮೇನ್‌ನೆಟ್. ಸಹಿಯೊಳಗೆ ಚೈನ್ ಐಡಿ ಸೇರಿರುತ್ತದೆ, ಇಐಪಿ 155 ಎಂಬ ಎಥೀರಿಯಂ ನಿಯಮ ಮಾಡಿದ ಉಪಕಾರ ಅದು. ಒಂದು ಚೈನ್‌ಗೆ ಹಾಕಿದ ಸಹಿ ಇನ್ನೊಂದರಲ್ಲಿ ನಡೆಯಬಾರದು ಎಂದೇ ಅದನ್ನು ಇಟ್ಟಿರುವುದು. ಲ್ಯಾಬಿನಲ್ಲಿ 1 ಇಟ್ಟರೆ ಮಕ್ಕಳು ಆಟಕ್ಕೆ ಹಾಕಿದ ಸಹಿ ಮೇನ್‌ನೆಟ್‌ನಲ್ಲೂ ಸಹಿಯೇ.

---

ಲ್ಯಾಬ್3_ಮೇಡಂ · ಏಳು ವಾರದ ನಂತರ, ಶನಿವಾರ, ರಾತ್ರಿ 8:05

ಹೇಗಾಯಿತು ಎಂದು ಹೇಳದೆ ಇದ್ದರೆ ತಪ್ಪಾಗುತ್ತದೆ.

ಚೈನ್ ಐಡಿ 573201 ಇಟ್ಟೆವು. ಹಾಸನದ ಪಿನ್ ಕೋಡ್. ಹೂಡಿಯವರಿಗೆ ಮಾತ್ರ ಇರಬೇಕಾ? ಪ್ರಾಕ್ಸಿ ಬರೆದದ್ದು ಹಿಂದಿನ ಬೆಂಚಿನವನೇ. ಪಟ್ಟಿಯ ವಿಷಯ ನಾನು ಹೇಳಲಿಲ್ಲ, ಬೇಕೆಂದೇ. ಎರಡನೇ ವಾರ ಮುಂದಿನ ಬೆಂಚಿನ ಹುಡುಗಿ ಅದೇ ತೂತಿನಲ್ಲಿ ನುಗ್ಗಿ ಅವನ ಬ್ಯಾಲೆನ್ಸ್ ಸೊನ್ನೆ ಮಾಡಿದಳು. ಮೂರನೇ ವಾರದಿಂದ ಪ್ರಾಕ್ಸಿ ಗಟ್ಟಿಯಾಗಿದೆ. ನಾನ್ಸ್ ಜಗಳ ಮತ್ತೆ ಬರಲಿಲ್ಲ. ಕರೆಂಟ್ ನಾಲ್ಕು ಸಲ ಹೋಯಿತು, ಚೈನ್ ಒಂದು ಸಲವೂ ಹೋಗಲಿಲ್ಲ.

ಸೆಪೋಲಿಯಾ ನೋಡನ್ನೂ ಬಿಡಲಿಲ್ಲ. ಎನ್‌ವಿಎಂಇಗೆ ಕಾಲೇಜಿನ ಸಹಿಗಳನ್ನು ಕಾದಿದ್ದರೆ ಸೆಮಿಸ್ಟರೇ ಮುಗಿಯುತ್ತಿತ್ತು, ನನ್ನ ದುಡ್ಡಲ್ಲೇ ತಂದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಹಳೇ ಮದರ್‌ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ, ಗ್ರಾಫಿಕ್ಸ್ ಕಾರ್ಡ್ ಸ್ಲಾಟಿಗೆ ಒಂದು ಅಡಾಪ್ಟರ್ ಹಾಕಿ ಕೂರಿಸಿದೆವು. ಅಡ್ಮಿನ್ ಪೋರ್ಟ್ ಬಿಟ್ಟ ಹತ್ತು ನಿಮಿಷಕ್ಕೆ ಪೀರ್‌ಗಳು ಮೂರರಿಂದ ಮೂವತ್ತು ದಾಟಿದವು. ಗುರುವಾರ ಸಂಜೆ ಶುರು ಮಾಡಿದ್ದು, ಶುಕ್ರವಾರ ಮಧ್ಯಾಹ್ನ ‘ಸಿಂಕಿಂಗ್?’ ಎಂದು ಕೇಳಿದರೆ ‘ಫಾಲ್ಸ್’. ಜೀವನದಲ್ಲಿ ಫಾಲ್ಸ್ ನೋಡಿ ಇಷ್ಟು ಖುಷಿಪಟ್ಟಿದ್ದು ಅದೇ ಮೊದಲು. ಮೂರು ವಾರ ತಿರುಗಿದ ಆ ಹಾರ್ಡ್ ಡಿಸ್ಕನ್ನು ಬಿಚ್ಚಿ, ಸಿಸ್ಟಂ ಆರ್ಕಿಟೆಕ್ಚರ್ ಕ್ಲಾಸಿಗೆ ತೋರಿಸಲು ಕಪಾಟಿನಲ್ಲಿ ಇಟ್ಟಿದ್ದೇನೆ.

ನಿನ್ನೆ ಕೊನೆಯ ಲ್ಯಾಬ್. ಸಕಲೇಶಪುರದವರ ಈಥರ್ ಹಂಚಿ, ನಮ್ಮದೇ ನೋಡ್ ಮೂಲಕ ಎಲ್ಲರೂ ಸೆಪೋಲಿಯಾಕ್ಕೆ ಕಾಂಟ್ರಾಕ್ಟ್ ಹಾಕಿದರು. ಮೊದಲ ಹುಡುಗಿ ಬಟನ್ ಒತ್ತಿ ಕೈಕಟ್ಟಿ ಕೂತಳು. 12 ಸೆಕೆಂಡ್ ಆಯಿತು, ಬರಲಿಲ್ಲ. 24, ಬರಲಿಲ್ಲ. ಇಡೀ ಲ್ಯಾಬು ಅವಳ ಹಿಂದೆ ನಿಂತಿತ್ತು. 36ಕ್ಕೆ ಬಂತು. ಬ್ಲಾಕ್ ತೆರೆದು ನೋಡಿದರೆ ನೂರಕ್ಕೂ ಜಾಸ್ತಿ ವ್ಯವಹಾರ, ಅದರ ಮಧ್ಯೆ ಎಲ್ಲೋ ಇವಳದು. ‘ಉಳಿದದ್ದೆಲ್ಲ ಯಾರದ್ದು ಮೇಡಂ?’ ಎಂದಳು. ಲ್ಯಾಬಿನ ಚೈನ್‌ನಲ್ಲಿ ಏಳು ವಾರ ಇದ್ದರೂ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ, ಅಲ್ಲಿ ಎಲ್ಲ ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತು.

ಹೊಸ ಮ್ಯಾನ್ಯುಯಲ್ ಬರೆಯುತ್ತಿದ್ದೇನೆ. ಸಕಲೇಶಪುರದವರೇ, 0.4 ಈಥರ್ ಉಳಿದಿದೆ, ವಾಪಸ್ ಕಳಿಸಲೋ ಮುಂದಿನ ಬ್ಯಾಚಿಗೆ ಇಟ್ಟುಕೊಳ್ಳಲೋ?

---

ಸಕಲೇಶಪುರ_ನೋಡ್ · ಶನಿವಾರ, ರಾತ್ರಿ 8:40

ಇಟ್ಟುಕೊಳ್ಳಿ. ಸ್ವಿಚ್‌ಬೋರ್ಡ್ ಮೇಲೆ ಒಂದು ಚೀಟಿ ಅಂಟಿಸಿದ್ದೀರಿ ತಾನೇ?

---

ಲ್ಯಾಬ್3_ಮೇಡಂ · ಶನಿವಾರ, ರಾತ್ರಿ 8:42

ನಾನಲ್ಲ, ಅಟೆಂಡರೇ ಬರೆದು ಅಂಟಿಸಿದ್ದಾರೆ. ‘ಇದನ್ನು ಆರಿಸಿದರೆ ಮೇಡಂ ಅಳುತ್ತಾರೆ.’